ಮದುವೆ ಮ್ಯಾಗಜಿನ್‌ನಲ್ಲಿ ಧಾರೆ ಸೀರೆ ಯಾಕೆ ಕಾಣುವುದಿಲ್ಲ? ಒಳಗಿದ್ದವಳು ಬರೆಯುತ್ತಿದ್ದೇನೆ

ಪಿನ್ನುಡಬ್ಬಿ:

ನಾನು ಮುಂಬೈಯ ಒಂದು ಬ್ರೈಡಲ್ ಮ್ಯಾಗಜಿನ್‌ನಲ್ಲಿ ಒಂಬತ್ತು ವರ್ಷ ಇದ್ದವಳು. ಮೊದಲು ಅಸಿಸ್ಟೆಂಟ್, ಕೊನೆಯ ನಾಲ್ಕು ವರ್ಷ ಫ್ಯಾಶನ್ ಎಡಿಟರ್. ಈಗ ಬಿಟ್ಟು ಮೈಸೂರಿಗೆ ಬಂದಿದ್ದೇನೆ. ಹೋದ ವಾರ ಅಣ್ಣನ ಮಗಳು ನನ್ನ ಹಳೆ ಸಂಚಿಕೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತಿದ್ದಳು. ಏಪ್ರಿಲ್‌ನಲ್ಲಿ ಅವಳ ಮದುವೆ. ಅರ್ಧ ಗಂಟೆ ತಿರುವಿ ಹಾಕಿದ ಮೇಲೆ ಕೇಳಿದಳು, "ಅತ್ತೆ, ಇಷ್ಟು ಪುಸ್ತಕದಲ್ಲಿ ಧಾರೆ ಸೀರೆ ಒಂದೇ ಒಂದು ಸಲ ಬಂದಿದೆ. ಅದೂ ಉಲ್ಟಾ!"

ಎರಡೂ ನಿಜ. ಉಲ್ಟಾ ಮಾಡಿದ್ದು ನಾನೇ. ಆ ಕಥೆ ಆಮೇಲೆ.

ಎಡಿಟಿಂಗ್ ಅಂದರೆ ಫೋಟೋಶಾಪ್ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ರೀಟಚರ್ ಕೆಲಸ. ನಮ್ಮದು ಬೇರೆ. ಎಂಟು ಪುಟ ಕೊಡುತ್ತಾರೆ ಅಂದುಕೊಳ್ಳಿ. ಆ ಎಂಟು ಪುಟದಲ್ಲಿ ಯಾವ ಹುಡುಗಿ, ಎಲ್ಲಿ ನಿಂತಿದ್ದಾಳೆ, ಬೆಳಗಾ ಸಂಜೆಯಾ, ಮೈಮೇಲೆ ಏನಿದೆ, ಕೈ ಎಲ್ಲಿದೆ, ಮುಂದಿನ ಪುಟದಲ್ಲಿ ಏನು ಬರಬೇಕು, ಇದೆಲ್ಲ ಫ್ಯಾಶನ್ ಎಡಿಟರ್ ತಲೆಯಲ್ಲಿ ಮೊದಲೇ ಕೂತಿರಬೇಕು. ಶೂಟ್ ದಿನ ಐನೂರು ಆರುನೂರು ಫ್ರೇಮ್ ತೆಗೆಯುತ್ತಾರೆ. ಉಳಿಯುವುದು ಎಂಟೋ ಹತ್ತೋ. ಅಷ್ಟರಲ್ಲಿ ಅತ್ಯಂತ ಚೆಂದದ ಫೋಟೋ ಬಹಳ ಸಲ ಕಸಕ್ಕೆ ಹೋಗುತ್ತದೆ, ಯಾಕೆಂದರೆ ಪಕ್ಕದ ಪುಟದಲ್ಲೂ ಅದೇ ಕೆಂಪು ಇರುತ್ತದೆ. ಎರಡು ಕೆಂಪು ಎದುರುಬದುರು ಕೂತರೆ ಎರಡೂ ಸಾಯುತ್ತವೆ. ಫೋಟೋಗ್ರಾಫರ್ ಮುನಿಸಿಕೊಳ್ಳುತ್ತಾರೆ. ಬಿರಿಯಾನಿ ಕೊಡಿಸಿ ಸಮಾಧಾನ ಮಾಡಬೇಕು.

ಕೆಲಸಕ್ಕೆ ಸೇರುವ ಆಸೆ ಇರುವವರು, ಬಿಟ್ಟವರು, ಬೈಯುವವರು ಎಲ್ಲರೂ ಬನ್ನಿ. ಗೊತ್ತಿರುವುದನ್ನು ಹೇಳುತ್ತೇನೆ.

ಚಿಕ್ಕಪೇಟೆ ಗಲ್ಲಾಪೆಟ್ಟಿಗೆ:

ಮೇಡಂ, ನಮ್ಮದು ಮೂರು ತಲೆಮಾರಿನ ಸೀರೆ ಅಂಗಡಿ. ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮ ಪುಸ್ತಕಗಳಲ್ಲಿ ಪುಟ ಪುಟಕ್ಕೂ ಲೆಹೆಂಗಾ. ಜಾಹೀರಾತು ಯಾರು ಕೊಡುತ್ತಾರೋ ಅವರ ಬಟ್ಟೆ, ಅಷ್ಟೇ ತಾನೇ? ಅದಕ್ಕೆ "ಸೃಜನಶೀಲ" ಅಂತ ಹೆಸರು ಬೇರೆ.

ಪಿನ್ನುಡಬ್ಬಿ:

ಬೇಜಾರೇನಿಲ್ಲ ಸರ್. ಅರ್ಧ ಸರಿ. ಕಚೇರಿಯಲ್ಲಿ "ಮಸ್ಟ್ ಕ್ರೆಡಿಟ್" ಅಂತ ಒಂದು ಪಟ್ಟಿ ಇರುತ್ತದೆ. ಜಾಹೀರಾತು ಕೊಡುವ ಮನೆಗಳ ಹೆಸರು ಅದರಲ್ಲಿ. ಈ ಸಂಚಿಕೆಯಲ್ಲಿ ಇವರದ್ದೊಂದು ಉಡುಪು, ಅವರದ್ದೊಂದು ನೆಕ್ಲೇಸ್ ಎಲ್ಲಾದರೂ ಬರಲೇಬೇಕು. ಇದು ಹೊರದೇಶದ ಮ್ಯಾಗಜಿನ್‌ಗಳಲ್ಲೂ ಇರುವ ಪದ್ಧತಿ.

ಆದರೆ ಸೀರೆ ಬಾರದೆ ಇರುವುದಕ್ಕೆ ಇನ್ನೊಂದು ಕಾರಣ ಇದೆ. ನಿಮಗೆ ಕೇಳಿದ ತಕ್ಷಣ ಅರ್ಥವಾಗುತ್ತದೆ. ಡಿಸೈನರ್ ಹತ್ತಿರ ಸ್ಯಾಂಪಲ್ ಇರುತ್ತದೆ. ಮಾರುವುದಕ್ಕಲ್ಲ, ಓಡಾಡುವುದಕ್ಕೇ ಹೊಲಿದ ಪೀಸ್. ಸೋಮವಾರ ನಮಗೆ, ಗುರುವಾರ ಇನ್ನೊಬ್ಬರಿಗೆ. ಹಿಂದೆ ಬುಲ್‌ಡಾಗ್ ಕ್ಲಿಪ್ ಹಾಕಿ ಬಿಗಿ ಮಾಡುತ್ತೇವೆ, ಕೆಳಗಡೆ ಫೌಂಡೇಶನ್ ಕಲೆ ಇರುತ್ತದೆ, ಯಾರೂ ಕೇಳುವುದಿಲ್ಲ. ಸೀರೆ ಅಂಗಡಿಯಲ್ಲಿ ಅಂಥ ಪೀಸ್ ಎಲ್ಲಿದೆ? ಪ್ರತಿಯೊಂದೂ ಮಾರಾಟದ ಮಾಲು. ಒಂದು ಸಲ ನೆರಿಗೆ ಹಿಡಿದು ಪಿನ್ ಹಾಕಿದ ಕಂಚಿ ಸೀರೆಯನ್ನು ನೀವು ಹೊಸದು ಅಂತ ಮಾರುತ್ತೀರಾ?

ಚಿಕ್ಕಪೇಟೆ ಗಲ್ಲಾಪೆಟ್ಟಿಗೆ:

ಇಲ್ಲ ಬಿಡಿ. ಮಡಿಕೆ ಮುರಿದ ಸೀರೆ ಅಂದರೆ ಗಿರಾಕಿ ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಗುತ್ತದೆ. ನಮ್ಮ ಅಪ್ಪ ಆದರೆ ಅಂಗಡಿಯಿಂದ ಆಚೆ ಕಳಿಸುತ್ತಿದ್ದರು ಆ ಸೀರೆಯನ್ನೂ, ಕೊಟ್ಟ ಹುಡುಗನನ್ನೂ.

ಪಿನ್ನುಡಬ್ಬಿ:

ಅದೇ. ನಾನು ಅಸಿಸ್ಟೆಂಟ್ ಆಗಿದ್ದಾಗ ಒಬ್ಬ ಅಂಗಡಿಯವರ ಕೈಕಾಲು ಹಿಡಿದು ಮೂರು ಸೀರೆ ತಂದಿದ್ದೆ. ಒಂದಕ್ಕೆ ಸೇಫ್ಟಿ ಪಿನ್ನಿನಿಂದ ಜರಿ ಎಳೆ ಎದ್ದಿತು. ಬೆರಳಿನ ಉಗುರಷ್ಟೂ ಇರಲಿಲ್ಲ. ಕಚೇರಿ ಅದರ ದುಡ್ಡು ಕೊಡಲಿಲ್ಲ, ನನ್ನ ಸಂಬಳದಲ್ಲಿ ಮೂರು ತಿಂಗಳು ಹಿಡಿದರು. ಆ ಸೀರೆ ಈಗಲೂ ನನ್ನ ಬೀರುವಿನಲ್ಲಿದೆ. ಅಮ್ಮ ಹಬ್ಬಕ್ಕೆ ಉಡುತ್ತಾರೆ.

ಆಮೇಲಿಂದ ಪಿನ್ ಚುಚ್ಚುವ ಜಾಗಕ್ಕೆ ಒಳಗಡೆ ಒಂದು ಚೂರು ಬಟ್ಟೆ ಇಟ್ಟೇ ಚುಚ್ಚುವುದು. ಚಪ್ಪಲಿ ಅಡಿಗೆ ಮಾಸ್ಕಿಂಗ್ ಟೇಪ್. ಬೆವರು ಬಟ್ಟೆಗೆ ತಾಗದ ಹಾಗೆ ಕಂಕುಳಿಗೆ ಶೀಲ್ಡ್. ಲಿಪ್‌ಸ್ಟಿಕ್ ತಾಗದ ಹಾಗೆ ಮುಖಕ್ಕೆ ದುಪಟ್ಟಾ ಸುತ್ತಿ ಉಡುಪು ಹಾಕಿಸುವುದು. ಈ ಕೆಲಸದ ಮುಕ್ಕಾಲು ಪಾಲು ಇಂಥದ್ದೇ. ಫೋಟೋದಲ್ಲಿ ಅದು ಯಾವುದೂ ಕಾಣಿಸಬಾರದು.

ಹಳೆ ಸಂಚಿಕೆ:

ಪಕ್ಕದ ಮಾತು, ಆದರೂ ಹೇಳುತ್ತೇನೆ. ನಾನು ನ್ಯೂಜೆರ್ಸಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಇಲ್ಲಿನ "ಬ್ರೈಡ್ಸ್" ಪತ್ರಿಕೆ 1934ರಲ್ಲಿ ಶುರುವಾಗಿದ್ದೇ ಜಾಹೀರಾತಿನ ದಾರಿಯಲ್ಲಿ. ಆಗ ಅದರ ಹೆಸರು "ಸೋ ಯು ಆರ್ ಗೋಯಿಂಗ್ ಟು ಬಿ ಮ್ಯಾರೀಡ್". ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್‌ನಲ್ಲಿ ಪೇಪರಿನಲ್ಲಿ ನಿಶ್ಚಿತಾರ್ಥದ ಸುದ್ದಿ ಬಂದ ಹುಡುಗಿಯರಿಗೆ ಬಿಟ್ಟಿ ಕಳಿಸುತ್ತಿದ್ದರು. ಮದುವೆಗೆ ಹೊರಟ ಹುಡುಗಿ ಖರ್ಚು ಮಾಡಿಯೇ ಮಾಡುತ್ತಾಳೆ ಅಂತ ಅಂಗಡಿಯವರಿಗೆ ಗೊತ್ತಲ್ಲ. 1959ರಲ್ಲಿ ಕಾಂಡೆ ನಾಸ್ಟ್ ಅನ್ನುವ ದೊಡ್ಡ ಪತ್ರಿಕಾ ಕಂಪನಿ ಕೊಂಡುಕೊಂಡಿತು. 2019ರಲ್ಲಿ ಮಾರಿತು, ಅದೇ ವರ್ಷ ಕಾಗದದ ಸಂಚಿಕೆ ನಿಂತಿತು. ಅದಕ್ಕೂ ಹತ್ತು ವರ್ಷ ಮೊದಲು, 2009ರಲ್ಲಿ, "ಮಾಡರ್ನ್ ಬ್ರೈಡ್" ಮತ್ತು "ಎಲಿಗಂಟ್ ಬ್ರೈಡ್" ಅನ್ನುವ ತಮ್ಮ ಇನ್ನೆರಡು ಮದುವೆ ಪತ್ರಿಕೆಗಳನ್ನು ಅದೇ ಕಂಪನಿಯವರು ಒಂದೇ ದಿನ ಮುಚ್ಚಿದ್ದರು.

ಹಾಗಾಗಿ ನನ್ನ ಪ್ರಶ್ನೆ. ಈ ಕೆಲಸ ಇನ್ನೂ ಇದೆಯಾ? ಎಲ್ಲರೂ ಇನ್‌ಸ್ಟಾಗ್ರಾಂ ನೋಡುತ್ತಾರೆ.

ಪಿನ್ನುಡಬ್ಬಿ:

ಕಾಗದ ಕಡಿಮೆಯಾಗಿದೆ, ಕೆಲಸ ಹೋಗಿಲ್ಲ. ಬೇರೆ ಕಡೆ ಹೋಗಿದೆ. ನೀವು ಅಮೆರಿಕದವರು ಅಂದಿರಿ ಅಂತ ವೆರಾ ವಾಂಗ್ ನೆನಪಾದರು. ಮದುವೆ ಗೌನಿಗೆ ಅವರ ಹೆಸರು ಗೊತ್ತಿಲ್ಲದವರಿಲ್ಲ. ಆದರೆ ಅವರು ಡಿಸೈನರ್ ಆಗುವ ಮೊದಲು ವೋಗ್ ಅನ್ನುವ ಫ್ಯಾಶನ್ ಮ್ಯಾಗಜಿನ್‌ನಲ್ಲಿ ಎಡಿಟರ್ ಆಗಿದ್ದರು, ಒಂದೆರಡು ವರ್ಷ ಅಲ್ಲ, ಒಂದೂವರೆ ದಶಕಕ್ಕೂ ಜಾಸ್ತಿ. 1989ರಲ್ಲಿ, ನಲವತ್ತನೇ ವಯಸ್ಸಿನಲ್ಲಿ ಮದುವೆಯಾದರು. ತನ್ನ ವಯಸ್ಸಿನ ಹೆಂಗಸಿಗೆ ಹಿಡಿಸುವ ಗೌನು ಎಲ್ಲೂ ಸಿಗಲಿಲ್ಲ, ತಾನೇ ಮಾಡಿಸಿಕೊಂಡರು. 1990ರಲ್ಲಿ ಅಂಗಡಿ ತೆರೆದರು.

ಅಷ್ಟು ವರ್ಷ ಬೇರೆಯವರ ಬಟ್ಟೆಯನ್ನು ತೆಗೆದು, ಬಿಟ್ಟು, ತಿರುಗಿಸಿ ನೋಡಿದ ಕಣ್ಣು ಅದು. ಏನಿಲ್ಲ ಅಂತ ಕಂಡುಹಿಡಿಯುವುದೂ ಎಡಿಟಿಂಗೇ.

ಡಿಸೆಂಬರ್ ವಧು:

ಅಕ್ಕ, ನನ್ನದು ಸಣ್ಣ ಪ್ರಶ್ನೆ. ಮ್ಯಾಗಜಿನ್‌ನ ದೊಡ್ಡ ಸಂಚಿಕೆ ಯಾವಾಗಲೂ ಅಕ್ಟೋಬರ್ ನವೆಂಬರ್‌ನಲ್ಲೇ ಬರುವುದೇಕೆ? ನಮ್ಮ ಮನೆಯಲ್ಲಿ ಅಕ್ಕಂದಿರದ್ದೆಲ್ಲ ಮೇ ತಿಂಗಳಲ್ಲಿ ಆಯಿತು. ನನ್ನದು ಮಾತ್ರ ಧನುರ್ಮಾಸಕ್ಕೆ ಮೊದಲು ಮುಗಿಸಬೇಕು ಅಂತ ಓಡಿಸುತ್ತಿದ್ದಾರೆ.

ಪಿನ್ನುಡಬ್ಬಿ:

ಸಣ್ಣ ಪ್ರಶ್ನೆಯಲ್ಲಮ್ಮ, ಇದಕ್ಕೆ ನಾನು ಎಷ್ಟು ಜಗಳ ಮಾಡಿದ್ದೇನೆ ಗೊತ್ತಾ! ಸಂಚಿಕೆಯ ಲೆಕ್ಕ ಉತ್ತರದ ಪಂಚಾಂಗದ್ದು. ಅವರಿಗೆ ಚಾತುರ್ಮಾಸದಲ್ಲಿ ಮದುವೆ ಇಲ್ಲ. ಕಾರ್ತಿಕದ ಏಕಾದಶಿಗೆ ದೇವರು ಎದ್ದ ಮೇಲೆ ಸೀಸನ್ ಶುರು. ಅದಕ್ಕೆ ದಪ್ಪ ಸಂಚಿಕೆ ಆ ಹೊತ್ತಿಗೆ. ಅದರ ಶೂಟ್ ಜುಲೈ ಆಗಸ್ಟ್‌ನಲ್ಲಿ, ಮುಂಬೈ ಮಳೆಯಲ್ಲಿ. ಗಾಡಿಯಿಂದ ಸ್ಟುಡಿಯೋ ಬಾಗಿಲಿಗೆ ಹತ್ತು ಹೆಜ್ಜೆ, ಅಷ್ಟರಲ್ಲಿ ಲಕ್ಷಗಟ್ಟಲೆ ಬೆಲೆಯ ವೆಲ್ವೆಟ್ ನೆನೆದಿರುತ್ತದೆ.

ನಮ್ಮಲ್ಲಿ ಆ ನಾಲ್ಕು ತಿಂಗಳೂ ಬಿಡುವುದಿಲ್ಲ, ಆಷಾಢ ಬಿಡುತ್ತೇವೆ. ಶ್ರಾವಣ ಬಂದರೆ ಮತ್ತೆ ಓಲಗ ಶುರು. ವೈಶಾಖದಲ್ಲಂತೂ ಛತ್ರ ಸಿಗುವುದೇ ಇಲ್ಲ. ಬಿರುಬೇಸಿಗೆಯ ಮದುವೆಗೆ ವೆಲ್ವೆಟ್ ಲೆಹೆಂಗಾ ತೋರಿಸಿದರೆ ಏನು ಉಪಯೋಗ? ಏಪ್ರಿಲ್‌ಗೆ ಒಂದು ದಕ್ಷಿಣದ ಸಂಚಿಕೆ ಮಾಡೋಣ ಅಂತ ಎರಡು ವರ್ಷ ಕೇಳಿದೆ. ಕೊಟ್ಟಿದ್ದು ಆರು ಪುಟ. ಆ ಆರು ಪುಟದಲ್ಲೇ ಉಲ್ಟಾ ಆಗಿದ್ದು.

ಡಿಸೆಂಬರ್ ವಧು:

ಅಯ್ಯೋ, ಆ ಕಥೆ ಹೇಳಿ ಅಕ್ಕ, ಆಗಲಿಂದ ಕಾಯುತ್ತಿದ್ದೇವೆ.

ಪಿನ್ನುಡಬ್ಬಿ:

ನನ್ನ ಯೋಚನೆ ಇದು. ಮದುವೆ ದಿನದ ಬೆಳಗಿನ ಜಾವ, ನಾಲ್ಕೂವರೆಯಿಂದ ಆರು. ಮುಹೂರ್ತಕ್ಕೆ ಮುಂಚಿನ ಛತ್ರದ ಕೋಣೆ. ಎಣ್ಣೆನೀರು ಆದ ಒದ್ದೆ ಕೂದಲು. ಅರ್ಧ ಕಟ್ಟಿದ ಮೊಗ್ಗಿನ ಜಡೆ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ನೆರಿಗೆ ಹಿಡಿಯುವ ದೊಡ್ಡಮ್ಮ. ಟ್ಯೂಬ್‌ಲೈಟ್ ಬೆಳಕು, ಕಿಟಕಿಯಲ್ಲಿ ನೀಲಿ. ಸ್ಟೀಲ್ ಲೋಟದಲ್ಲಿ ಕಾಫಿ. ಇಷ್ಟೇ. ಮಂಟಪ ಇಲ್ಲ, ಗಂಡು ಇಲ್ಲ.

ಮೇಲಿನವರು ಮೊದಲು "ಇದರಲ್ಲಿ ಕನಸು ಎಲ್ಲಿದೆ" ಅಂದರು. ಟ್ಯೂಬ್‌ಲೈಟ್ ಬೇಡ, ದೀಪ ಇಡಿ ಅಂದರು. ದೀಪ ಇಟ್ಟೆ. ಹಸಿರು ಗಾಜಿನ ಬಳೆ ಚಿನ್ನದ ಜೊತೆ ಒಪ್ಪುವುದಿಲ್ಲ ಅಂದರು. ಅದಕ್ಕೆ ಮಾತ್ರ ನಾನು ಬಗ್ಗಲಿಲ್ಲ. ಬಳೆ ಶಾಸ್ತ್ರದಲ್ಲಿ ತೊಟ್ಟ ಬಳೆಯನ್ನು ಮುಹೂರ್ತಕ್ಕೆ ಮೊದಲು ಯಾರು ಬಿಚ್ಚುತ್ತಾರೆ?

ಶೂಟ್ ದಿನ ಹೊಸ ತಾಪತ್ರಯ. ಜಡೆಯನ್ನು ಮುಂಬೈಯ ಮಾಟುಂಗದಲ್ಲಿ ಕಟ್ಟಿಸಿದ್ದೆ. ಬೆಳಗ್ಗೆ ಮುಷ್ಟಿ ಬಿಗಿದ ಹಾಗಿದ್ದ ಮಲ್ಲಿಗೆ ಮೊಗ್ಗು ಸಂಜೆಗೆ ಒಂದೊಂದಾಗಿ ಬಿರಿಯಿತು. ಎರಡನೇ ಫೋಟೋದಲ್ಲಿ ಮೊಗ್ಗು, ಐದನೆಯದರಲ್ಲಿ ಹೂವು. ಕಥೆಯ ಪ್ರಕಾರ ಎರಡಕ್ಕೂ ನಡುವೆ ಹತ್ತು ನಿಮಿಷ! ಕೊನೆಗೆ ಬಿರಿದ ಜಡೆಯ ಫೋಟೋವನ್ನೇ ಕೊನೆಯ ಪುಟಕ್ಕೆ ಹಾಕಿದೆ. ಬೆಳಗಾಯಿತು ಅನ್ನುವ ಹಾಗೆ. ಅದು ಯೋಚಿಸಿ ಮಾಡಿದ್ದು ಅಂತ ಎಷ್ಟೋ ಜನ ಹೊಗಳಿದರು. ನಾನು ಸುಮ್ಮನಿದ್ದೆ.

ಇನ್ನು ಉಲ್ಟಾ. ಮೊದಲ ಚಿತ್ರ ಎಡಗಡೆಯ ಪುಟಕ್ಕೆ ಬಂತು. ಹುಡುಗಿ ಎಡಕ್ಕೆ, ಅಂದರೆ ಪುಸ್ತಕದಿಂದ ಆಚೆಗೆ ನೋಡುತ್ತಿದ್ದಳು. ನಮ್ಮಲ್ಲಿ ಅದು ತಪ್ಪು. ಮುಖ ಒಳಗಡೆಗೆ, ಪುಟ ಸೇರುವ ಮಡಿಕೆಯ ಕಡೆ ಇದ್ದರೆ ಓದುವವರ ಕಣ್ಣು ಮುಂದಿನ ಪುಟಕ್ಕೆ ಜಾರುತ್ತದೆ. ಲೇಔಟ್ ಹುಡುಗ ಚಿತ್ರವನ್ನು ಕನ್ನಡಿಯ ಹಾಗೆ ಮಗುಚಿದ. ನನಗೂ ತೋರಿಸಿದ. ರಾತ್ರಿ ಹನ್ನೊಂದೂವರೆ, ಮರುದಿನ ಪ್ರೆಸ್. ಚೆನ್ನಾಗಿದೆ ಅಂದೆ. ಅಚ್ಚಾಗಿ ಬಂದ ಮೇಲೆ ನೋಡಿದರೆ ಸೆರಗು ಬಲ ಹೆಗಲಿಗೆ ಹೋಗಿದೆ. ಮೂಗುಬೊಟ್ಟು ಎಡಕ್ಕೆ ಬಂದಿದೆ. ಹಿಂದೆ ಗೋಡೆಯ ಗಡಿಯಾರದಲ್ಲಿ ಬೆಳಗಿನ ಐದು ಗಂಟೆ ಹೋಗಿ ಏಳು ಆಗಿದೆ.

ಮೈಸೂರಿನಿಂದ ಅಮ್ಮ ಫೋನ್ ಮಾಡಿದರು. "ಏನೇ ಇದು, ಗುಜರಾತಿ ಸೇಠುಗಳ ಹಾಗೆ ಬಲಕ್ಕೆ ಸೆರಗು ಹಾಕಿ ಉಡಿಸಿದ್ದೀಯ?"

ಕಾಫಿತೋಟ:

ನಗು ತಡೆಯಲಾಗಲಿಲ್ಲ! ನಾನು ಕೊಡಗಿನವಳು. ಬಲ ಹೆಗಲ ಮೇಲೆ ಸೆರಗು ಅಂದರೆ ನಮ್ಮ ಮನೆಯಲ್ಲಿ "ನಮ್ಮವಳೇ" ಅಂದುಕೊಳ್ಳುತ್ತಿದ್ದರು. ಆಮೇಲೆ ನೆರಿಗೆ ಮುಂದೆ ಇರುವುದು ನೋಡಿ ಗಾಬರಿ ಬೀಳುತ್ತಿದ್ದರು. ನಮ್ಮದು ನೆರಿಗೆ ಹಿಂದೆ, ಸೆರಗು ಎಡ ಕಂಕುಳ ಕೆಳಗಿಂದ ಬಂದು ಬಲ ಹೆಗಲ ಮೇಲೆ ಪಿನ್.

ಒಂದು ದೂರು ಇದೆ ಅಕ್ಕ. ಕೊಡವ ವಧು ಅಂತ ಫೋಟೋ ಹಾಕುತ್ತಾರೆ. ಕೆಂಪು ಸೀರೆ ಸರಿ ಇರುತ್ತದೆ. ಕೊರಳಿಗೆ ಟೆಂಪಲ್ ಜ್ಯುವೆಲರಿ! ನಮ್ಮ ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಎಲ್ಲಿ ಹೋಯಿತು? ಕೊಕ್ಕೆತಾತಿಯ ಅರ್ಧಚಂದ್ರವನ್ನು ದೂರದಿಂದ ನೋಡಿದರೂ ಗುರುತು ಹಿಡಿಯಬಹುದು.

ಪಿನ್ನುಡಬ್ಬಿ:

ಒಡವೆಯದ್ದು ಬೇರೆಯೇ ರಗಳೆ. ದೊಡ್ಡ ಒಡವೆ ಅಂಗಡಿ ಕೊಟ್ಟರೆ ಜೊತೆಗೆ ಸೆಕ್ಯುರಿಟಿಯವನು ಬರುತ್ತಾನೆ, ಪ್ರತಿ ಪೀಸಿಗೂ ತೂಕ ಬರೆದ ಚಲನ್ ಇರುತ್ತದೆ, ಸಂಜೆ ಅದೇ ತೂಕಕ್ಕೆ ವಾಪಸ್. ಅವರ ಹತ್ತಿರ ಕೊಕ್ಕೆತಾತಿ ಇರುವುದಿಲ್ಲ. ಅದು ಇರುವುದು ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ. ಮನೆಯ ಒಡವೆ ತರಿಸಿದರೆ ಕ್ರೆಡಿಟ್ ಸಾಲಿನಲ್ಲಿ ಅಂಗಡಿ ಹೆಸರು ಬರೆಯಲಾಗುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು. ಆದರೂ ಗೊತ್ತಿಲ್ಲದಿದ್ದರೆ "ಕೊಡವ" ಅಂತ ಶೀರ್ಷಿಕೆ ಹಾಕಬಾರದು. ನಿಮ್ಮ ದೂರು ಒಪ್ಪಿದೆ.

ರೀಟಚ್ ರಾಯ:

ಲೇಔಟ್ ಹುಡುಗರ ಪರವಾಗಿ ಒಬ್ಬ ಬರಬೇಕಲ್ಲ, ಬಂದೆ. ಚಿತ್ರ ಮಗುಚುವುದು ನಾವು, ಬೈಸಿಕೊಳ್ಳುವುದೂ ನಾವು.

ಬಣ್ಣದ ಬಗ್ಗೆ ಎರಡು ಮಾತು. ರಾಣಿ ಪಿಂಕ್ ಸೀರೆ ಪರದೆಯ ಮೇಲೆ ಉರಿಯುತ್ತಿರುತ್ತದೆ, ಅಚ್ಚಿನಲ್ಲಿ ತೊಳೆದ ಹಾಗೆ ಬರುತ್ತದೆ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ. ಪ್ರೆಸ್ಸಿಗೆ ಇರುವುದು ನಾಲ್ಕೇ ಶಾಯಿ, ಸಯಾನ್, ಮಜೆಂಟಾ, ಹಳದಿ, ಕಪ್ಪು. ಆ ಉರಿ ಅದರಲ್ಲಿ ಹುಟ್ಟುವುದೇ ಇಲ್ಲ. ಗಾಢ ಮರೂನ್ ಆದರೆ ನೆರಿಗೆಯ ಸಂದಿಯೆಲ್ಲ ಕಪ್ಪಾಗಿ ಕೂತುಬಿಡುತ್ತದೆ. ಜರಿಯಂತೂ ಕನ್ನಡಿ. ನೇರ ಬೆಳಕು ಬಿದ್ದರೆ ಅಂಚಿನ ಕೆಲಸ ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ದೊಡ್ಡ ಬಟ್ಟೆಯ ಹಿಂದಿನಿಂದ ಬೆಳಕು ಬಿಡಬೇಕು. ಲೆಹೆಂಗಾ ಶೂಟ್ ಮಾಡಿ ರೂಢಿಯಾದವರು ಕಂಚಿ ಸೀರೆಗೂ ಅದೇ ಬೆಳಕು ಹಾಕಿ, ಆಮೇಲೆ ನಮ್ಮ ಟೇಬಲ್‌ಗೆ ಕಳಿಸಿ "ಸರಿ ಮಾಡು" ಅನ್ನುತ್ತಾರೆ.

ಇನ್ನೊಂದು, ಹೇಳಬೇಕೋ ಬೇಡವೋ. ಹುಡುಗಿಯ ಮೈಬಣ್ಣ "ಸ್ವಲ್ಪ ಎತ್ತು" ಅಂತ ಬರುವ ಸೂಚನೆ. ಎಷ್ಟು ಸಲ ಎತ್ತಿದ್ದೇನೋ ಲೆಕ್ಕವಿಲ್ಲ. ಫ್ರಾನ್ಸ್‌ನಲ್ಲಿ 2017ರಿಂದ ಮಾಡೆಲ್‌ನ ಮೈಯನ್ನು ಸಣ್ಣಗೋ ದಪ್ಪಗೋ ತಿದ್ದಿದ ಜಾಹೀರಾತು ಚಿತ್ರಕ್ಕೆ "ತಿದ್ದಿದ ಫೋಟೋ" ಅಂತ ಬರೆಯಲೇಬೇಕು. ಆದರೆ ಅದು ಮೈಯ ಆಕಾರದ ಮಾತು. ಬಣ್ಣ ತಿಳಿ ಮಾಡುವುದು ಅದರೊಳಗೆ ಬರುವುದಿಲ್ಲ.

ಪಿನ್ನುಡಬ್ಬಿ:

ಹೇಳಿದ್ದು ಒಳ್ಳೆಯದಾಯಿತು. ಆ ಸೂಚನೆ ನಾನೂ ಕಳಿಸಿದ್ದೇನೆ. "ಬೆಳಕು ಸರಿ ಮಾಡಿ" ಅಂತ ಬರೆಯುತ್ತಿದ್ದೆ. ಇಬ್ಬರಿಗೂ ಅರ್ಥ ಗೊತ್ತಿತ್ತು. ಕೊನೆಯ ಎರಡು ವರ್ಷ ನಿಲ್ಲಿಸಿದೆ. ಮೊದಲೇ ನಿಲ್ಲಿಸಬೇಕಿತ್ತು.

ಇಳಕಲ್ ಮಗ್ಗ:

ಅಕ್ಕಾರ, ಕ್ರೆಡಿಟ್ ಅಂತ ಬರೆದೀರಲ್ಲ, ಅದರ ಬಗ್ಗೆ ಕೇಳಬೇಕು. ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಸೀರೆ ಇಂಥವರದು ಅಂತ ಇರುತ್ತದೆ. ಬರೀ ಅಂಗಡಿ ಅಥವಾ ಡಿಸೈನರ್ ಹೆಸರು. ನೇಯ್ದವನ ಹೆಸರು ಒಂದು ಸಲವೂ ನೋಡಿಲ್ಲ. ನಮ್ಮಪ್ಪ ನಲವತ್ತು ವರ್ಷ ಮಗ್ಗದ ಮುಂದೆ ಕೂತಾರ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಕುವ ನೂಲು ಬೇರೆ, ಸೆರಗಿನ ಹಾಸು ಬೇರೆ. ಎಳೆ ಎಳೆಗೂ ಕೊಂಡಿ ಹಾಕಿ ಕೂಡಿಸಬೇಕು. ಅದನ್ನು ಮನೆಯ ಹೆಣ್ಣುಮಕ್ಕಳೇ ಮಾಡುತ್ತಾರೆ. ಅವರ ಹೆಸರು ಯಾರು ಹಾಕುತ್ತಾರೆ?

ಪಿನ್ನುಡಬ್ಬಿ:

ಯಾರೂ ಹಾಕುವುದಿಲ್ಲ ಅಣ್ಣ. ನಾನೂ ಹಾಕಿಲ್ಲ.

ಕ್ರೆಡಿಟ್ ಸಾಲು ಎಷ್ಟು ಮುಖ್ಯ ಅಂತ 2018ರಲ್ಲಿ ಎಲ್ಲರೂ ನೋಡಿದರು. ದೀಪಿಕಾ ಪಡುಕೋಣೆ ಮದುವೆ, ಇಟಲಿಯ ಕೋಮೋ ಸರೋವರದ ಹತ್ತಿರ. ಕೊಂಕಣಿ ಶಾಸ್ತ್ರದ ಫೋಟೋ ಬಂದ ಕೂಡಲೇ ಸೀರೆ ಡಿಸೈನರ್ ಸಬ್ಯಸಾಚಿಯದ್ದು ಅಂತ ಎಲ್ಲ ಕಡೆ ಹರಡಿತು. ಆಮೇಲೆ ಅವರೇ ತಿದ್ದಿ ಬರೆದರು. ಆ ಸೀರೆ ಅಮ್ಮ ಮಗಳಿಗೆ ಕೊಟ್ಟಿದ್ದು, ಬೆಂಗಳೂರಿನ "ಅಂಗಡಿ ಗಲೇರಿಯಾ" ಅನ್ನುವ ಸೀರೆ ಮಳಿಗೆಯಲ್ಲಿ ಕೊಂಡಿದ್ದು, ಶ್ರೇಯ ಅವರಿಗೆ ಸಲ್ಲಬೇಕು ಅಂತ. ತಿದ್ದಿದ್ದು ದೊಡ್ಡ ವಿಷಯ, ಎಲ್ಲರೂ ತಿದ್ದುವುದಿಲ್ಲ. ಆದರೆ ನನಗೆ ಹಿಡಿಸಿದ್ದು ಬೇರೆ. ಅಷ್ಟು ದೊಡ್ಡ ಮದುವೆಯಲ್ಲೂ ಧಾರೆಗೆ ಉಟ್ಟಿದ್ದು ಅಮ್ಮ ಅಂಗಡಿಗೆ ಹೋಗಿ ತಂದ ಸೀರೆ.  ನನ್ನ ಆರು ಪುಟಕ್ಕೆ ಬೇಕಿದ್ದ ಕಥೆಯೇ ಅದು.

ಚಿಕ್ಕಪೇಟೆ ಗಲ್ಲಾಪೆಟ್ಟಿಗೆ:

ಆ ವಾರ ನಮ್ಮ ಅಂಗಡಿಗೆ ಬಂದವರೆಲ್ಲ ಫೋನಿನಲ್ಲಿ ಆ ಫೋಟೋ ತೋರಿಸಿ "ಇದೇ ಥರ ಕೊಡಿ" ಅಂದರು. ಮ್ಯಾಗಜಿನ್ ಒಬ್ಬರ ಕೈಯಲ್ಲೂ ಇರಲಿಲ್ಲ. ಈಗ ಒಂದು ಮಾತು. ಮೂರು ಸೀರೆ ಮಡಿಕೆ ಮುರಿಯಲು ನಾನು ಕೊಡುತ್ತೇನೆ. ಸ್ಯಾಂಪಲ್ ಅಂತ ಇಟ್ಟುಕೊಳ್ಳಿ. ಅಪ್ಪನಿಗೆ ಹೇಳಬೇಡಿ.

ಪಿನ್ನುಡಬ್ಬಿ:

ಸರ್, ನಾನೀಗ ಯಾವ ಮ್ಯಾಗಜಿನ್‌ನಲ್ಲೂ ಇಲ್ಲ! ಆದರೂ ಮೂರಕ್ಕೂ ಹ್ಞೂಂ. ಏಪ್ರಿಲ್ ಮದುವೆಗೆ ಮೊದಲು ಮನೆಯಲ್ಲೇ ಒಂದು ಶೂಟ್ ಮಾಡೋಣ ಅಂತ ಅಣ್ಣನ ಮಗಳು ಹಿಂದೆ ಬಿದ್ದಿದ್ದಾಳೆ. ಟ್ಯೂಬ್‌ಲೈಟ್ ಇಟ್ಟೇ ತೆಗೆಯಬೇಕಂತೆ.

ಇಳಕಲ್ ಅಣ್ಣ, ಅರಶಿನ ಶಾಸ್ತ್ರಕ್ಕೆ ಅವಳಿಗೊಂದು ಇಳಕಲ್ ಬೇಕು. ಮನೆಗೇ ಬಂದು ತೆಗೆದುಕೊಳ್ಳುತ್ತೇವೆ. ಕೊಂಡಿ ಹಾಕಿದವರು ಯಾರು ಅಂತ ಹೆಸರು ಬರೆದು ಕೊಡಿ, ಫೋಟೋದ ಕೆಳಗೆ ಮೊದಲ ಸಾಲು ಅದೇ.

ಇಳಕಲ್ ಮಗ್ಗ:

ಅವ್ವ ಹಾಕಿದ್ದು. ಹೆಸರು ಹಾಕುತ್ತಾರ ಅಂದರೆ ನಾಚಿಕೊಂಡು ಒಳಗೆ ಹೋದಳು. ಮಗ್ಗದ ಮೇಲೆ ಈಗ ಕಡುನೀಲಿ ಒಡಲು, ಕೆಂಪು ಸೆರಗು ನಡದೈತಿ. ಅರಶಿನಕ್ಕೆ ನೀಲಿ ನಡೆಯುತ್ತದಾ, ಇಲ್ಲಾ ಹಸಿರು ಹಾಕಬೇಕಾ?

ರೀಟಚ್ ರಾಯ:

ಹಸಿರು ಹಾಕಿ ಅಣ್ಣ. ಅರಶಿನ ಬಿದ್ದರೆ ನೀಲಿ ಮೇಲೆ ಕಲೆ ಎದ್ದು ಕಾಣುತ್ತದೆ, ಆಮೇಲೆ ನನ್ನ ಹತ್ತಿರವೇ ಬರುತ್ತದೆ.